ಲಿಫ್ಟ್ ಮಾತು ಕೇಳಲ್ಲ

ಫೆಬ್ರವರಿ 3, ಮಂಗಳವಾರ

ಬರೆಯಬೇಕಂತೆ. ಆಡುವುದೇ ಸಾಲದು ಅಂತ ಆಡಿದ್ದನ್ನು ಬರೆದೂ ಇಡಬೇಕಂತೆ. ಐದನೇ ತರಗತಿಯನ್ನು ಅರ್ಧಕ್ಕೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂತವಳಿಗೆ, ಮೊಣಕಾಲು ಕಟಕಟ ಅನ್ನುವ ಈ ವಯಸ್ಸಿನಲ್ಲಿ ಹೋಂವರ್ಕ್.

"ನಂಗೆ ತೋರಿಸ್ಬೇಕಾಗಿಲ್ಲ ಅಜ್ಜಿ. ನಿಮಗೋಸ್ಕರ ಬರ್ಕೊಳ್ಳಿ. ಇಲ್ದಿದ್ರೆ ಎಲ್ಲಿ ಎಡವಿದ್ರಿ ಅನ್ನೋದು ಬೆಳಗಾಗೋದ್ರೊಳಗೆ ಮರ್ತೋಗುತ್ತೆ" ಎಂದಳು ಟೀಚರಮ್ಮ. ಎಡವುತ್ತೇನೆ ಎನ್ನುವುದು ಆಗಲೇ ತೀರ್ಮಾನವಾಗಿತ್ತು ಅನ್ನಿ. ನನ್ನ ಮಗನಿಗಿಂತ ಚಿಕ್ಕವಳು. ಅವಳ ಶರ್ಟಿನ ಕಾಲರು ಒಂದು ಕಡೆ ಮೇಲೆ, ಒಂದು ಕಡೆ ಕೆಳಗೆ. ನೋಡಿ ನೋಡಿ ಕೈ ತುರಿಸುತ್ತಿತ್ತು.

ವಿಷಯ ಇಷ್ಟು. ನನ್ನ ಅಂಗಡಿಯ ಎದುರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ಕಂಪ್ಯೂಟರ್ ಪ್ರೋಗ್ರಾಮಿಂಗ್ ಕಲಿಸುತ್ತಾರೆ. ಅದನ್ನೂ ವಿಡಿಯೋ ಗೇಮ್ ಮಾಡಿಸಿ ಕಲಿಸುತ್ತಾರೆ. ಮೂವರದು ಒಂದು ತಂಡ, ತಂಡಕ್ಕೊಂದು ಆಟ. ಕೊನೆಗೆ ಅಪ್ಪ ಅಮ್ಮಂದಿರನ್ನೆಲ್ಲ ಕರೆದು ಪ್ರದರ್ಶನ. ಅದಕ್ಕೆ ಮೊದಲು ಆಡಿ ನೋಡಲು, ಜನ್ಮದಲ್ಲಿ ಗೇಮ್ ಮುಟ್ಟದ ಒಬ್ಬರನ್ನು ಪ್ರತಿ ತಂಡವೂ ಹಿಡಿದು ತರಬೇಕು. ನನ್ನ ಮೊಮ್ಮಗಳು ನನ್ನನ್ನು ಹಿಡಿದಳು. "ನಮ್ಮಜ್ಜಿ ದಿನಾ ಪೇಪರ್ ಪೂರ್ತಿ ಓದ್ತಾರೆ, ಅವರಿಗೆ ಎಲ್ಲಾ ಗೊತ್ತಾಗುತ್ತೆ" ಎಂದು ಇಡೀ ಕ್ಲಾಸಿನ ಮುಂದೆ ಹೇಳಿಬಿಟ್ಟಳು. ಪೇಪರ್ ಬಿಡಿಸಿಕೊಂಡು ಕೂರುತ್ತೇನೆ, ಅದು ನಿಜ.

ಮೊಮ್ಮಗಳು ಆಟದ ಚಿತ್ರ ಬರೆಯುವವಳು. ತಂಡದ ಯಜಮಾನ ಒಬ್ಬ ಉದ್ದನೆಯ ಹುಡುಗ. ಅವನಿಗೆ ಏಣಿ ಎಂದು ಹೆಸರಿಟ್ಟೆ. ಮೂರನೆಯದು ಒಂದು ಸಣಕಲು ಹುಡುಗಿ. ತಲೆಯೊಂದು ಬಿಟ್ಟರೆ ಮಿಕ್ಕಿದ್ದೆಲ್ಲ ಕಡ್ಡಿ. ಗುಂಡುಸೂಜಿ. ಪ್ರೋಗ್ರಾಮ್ ಬರೆಯುವುದು ಅದೇ ಅಂತೆ. ಅದಕ್ಕೆ ಬಾಯಿ ಇದೆಯೋ ಇಲ್ಲವೋ ಇವತ್ತು ತಿಳಿಯಲಿಲ್ಲ.

ಶುಕ್ರವಾರದಿಂದ ಆಟ. ಇಷ್ಟು ಬರೆಯುವಷ್ಟರಲ್ಲಿ ಹೆಬ್ಬೆರಳು ಮರಗಟ್ಟಿತು.

ಫೆಬ್ರವರಿ 6, ಶುಕ್ರವಾರ

ಆಟದ ಹೆಸರು ಮೇಲೆ ಕೆಳಗೆ. ನಾನು ಲಿಫ್ಟ್ ನಡೆಸುವವಳು. ಜನ ಬಂದು ಲಿಫ್ಟಿನೊಳಗೆ ನಿಲ್ಲುತ್ತಾರೆ. ಅವರ ತಲೆಯ ಮೇಲೆ ಬಿಳಿ ಗುಳ್ಳೆಯೊಂದು ಎದ್ದು, ಅದರಲ್ಲಿ ಅವರ ಮಾತು ಬರುತ್ತದೆ. ಅದನ್ನು ಓದಿ ಮಹಡಿಯ ಅಂಕಿ ಒತ್ತಬೇಕು. ತಪ್ಪು ಮಹಡಿಗೆ ಇಳಿಸಿದರೆ ಅವರು ನೆಲ ಒದ್ದು ಬೈಯುತ್ತಾರೆ. ಮೂವರು ಬೈದರೆ ಹಗ್ಗ ಕಿತ್ತು ಲಿಫ್ಟ್ ದೊಪ್ಪೆಂದು ಬೀಳುತ್ತದೆ. ಮೊಮ್ಮಗಳು ಬರೆದ ಚಿತ್ರಗಳು ಚೆನ್ನಾಗಿವೆ. ನಾಯಿ ಹಿಡಿದುಕೊಂಡ ಹೆಂಗಸಿನ ಕೋಟು ಮಾತ್ರ ಭುಜದಲ್ಲಿ ಸಡಿಲ.

ಟೀಚರಮ್ಮನ ಕಟ್ಟುನಿಟ್ಟು ಏನೆಂದರೆ, ನಾನು ಆಡುವಾಗ ಮಾಡಿದ ಮಕ್ಕಳು ನನ್ನ ಬೆನ್ನ ಹಿಂದೆ ಬಾಯಿ ಮುಚ್ಚಿಕೊಂಡು ಕೂರಬೇಕು. ಹೇಳಿಕೊಡುವಂತಿಲ್ಲ. ಗೋಡೆಯ ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದಾಳೆ: ಆಡುವವರು ತಪ್ಪು ಮಾಡುವುದಿಲ್ಲ, ಅವರು ಸೋತರೆ ಸೋತದ್ದು ಆಟ. ಆ ಹಲಗೆಯನ್ನು ನಾನು ಪೂರ್ತಿ ಓದಿದೆ. ಅದು ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ.

ಗುಳ್ಳೆಯ ಮಾತು ಓಡಿಹೋಗುತ್ತದೆ. ಮೀಸೆಯವನೊಬ್ಬ ಬಂದು ನಿಂತ. "ಐದಕ್ಕೆ ಅಂದುಕೊಂಡಿದ್ದೆ" ಎನ್ನುವವರೆಗೆ ಓದಿದೆ. ಆಚೆ ಇನ್ನೂ ಏನೋ ಇತ್ತು. ಕಣ್ಣು ಅಲ್ಲಿಗೆ ಹೋಗುವಷ್ಟರಲ್ಲಿ ಗುಳ್ಳೆಯೇ ಇಲ್ಲ. ಐದು ಒತ್ತಿದೆ. ಅವನು ಐದರಲ್ಲಿ ಇಳಿದು ಕಾಲು ಬಡಿದು, "ಬೇಡ, ಎರಡಕ್ಕೇ ಬಿಡಿ ಅಂದೆನಲ್ಲ!" ಎಂದು ಕಂಪ್ಯೂಟರಿನೊಳಗಿಂದ ಗಟ್ಟಿಯಾಗಿ ಕಿರುಚಿದ. ಹಾಗೇ ಇನ್ನಿಬ್ಬರು. ಲಿಫ್ಟ್ ಬಿತ್ತು. ಹಿಂದೆ ಯಾರೋ ಕಿಸಕ್ಕೆಂದರು.

"ಅಜ್ಜಿ, ಅವನು ಹೇಳಿದ್ದು ಪೂರ್ತಿ ಓದಿದ್ರಾ?" ಎಂದಳು ಟೀಚರಮ್ಮ, ಮೆತ್ತಗೆ.

"ಓದಕ್ಕೆ ಬರಲ್ವಾ ನನಗೆ? ಪೂರ್ತಿ ಓದಿದೆ. ಎರಡನ್ನೇ ಒತ್ತಿದೆ. ನಿಮ್ಮ ಲಿಫ್ಟ್ ಮಾತು ಕೇಳಲ್ಲ."

ಕೀಬೋರ್ಡಿನ ಮುಂದೆ ನನ್ನ ಈ ದೊಡ್ಡ ಮೈ ಇತ್ತು. ಏನು ಒತ್ತಿದೆ ಎಂದು ಯಾರಿಗೂ ಕಂಡಿರಲಿಲ್ಲ. ಏಣಿ ಗುಂಡುಸೂಜಿಯ ಕಡೆ ತಿರುಗಿ, "ಲಿಫ್ಟಿನ ಕೋಡ್ ನಿಂದಲ್ವಾ, ನೋಡು" ಎಂದ. ಅದು ತಲೆಯಾಡಿಸಿತು.

ಬಾಯಿಗೆ ಬಂದದ್ದು ಹಾಗೇ ಆಚೆ ಬಿತ್ತು. ಬಿದ್ದ ಮೇಲೆ ಎತ್ತಿಕೊಳ್ಳುವುದು ಹೇಗೆ? ಹೋಗಲಿ, ಆಟ ತಾನೆ.

ಫೆಬ್ರವರಿ 10, ಮಂಗಳವಾರ

ಇವತ್ತೂ ಬಿತ್ತು. ಎರಡು ಸಲ ಬಿತ್ತು.

ಆ ಮಕ್ಕಳು ಒತ್ತಿದರೆ ಲಿಫ್ಟ್ ಸರಿಯಾಗಿ ಹೋಗುತ್ತದಂತೆ. ಅಜ್ಜಿ ಒತ್ತಿದರೆ ಮಾತ್ರ ತಪ್ಪಂತೆ. ಇಂಥ ತಪ್ಪೇ ಎಲ್ಲಕ್ಕಿಂತ ಕೆಟ್ಟದ್ದಂತೆ, ಕೆಲವು ಸಲ ಬಂದು ಕೆಲವು ಸಲ ಬಾರದೆ ಹುಡುಕುವವರಿಗೆ ಹುಚ್ಚು ಹಿಡಿಸುತ್ತದಂತೆ. ಗುಂಡುಸೂಜಿಗೆ ಕೊನೆಗೂ ಬಾಯಿ ಬಂತು. "ಅಜ್ಜಿ ಕೀಬೋರ್ಡನ್ನ ಜೋರಾಗಿ ಕುಟ್ತಾರೆ. ಒಂದೇ ಸಲ ಒತ್ತಿದ್ದನ್ನ ಕಂಪ್ಯೂಟರ್ ಎರಡು ಸಲ ಅಂತ ತಿಳ್ಕೊಳ್ತಿರಬಹುದು" ಎಂದಿತು. ಪಾಪ, ಎಷ್ಟು ಯೋಚನೆ ಮಾಡಿದೆ ಆ ಪ್ರಾಣಿ. ಶನಿವಾರ, ಭಾನುವಾರ ಕೂತು ಲಿಫ್ಟಿನದನ್ನು ಅರ್ಧ ಬಿಚ್ಚಿ ಮತ್ತೆ ಬರೆದಿದೆ. ಬಿಚ್ಚಿ ಬರೆದದ್ದರಲ್ಲಿ, ಮೊದಲು ಸರಿ ಇದ್ದ ಬಾಗಿಲು ಈಗ ಮುಚ್ಚುತ್ತಿಲ್ಲ. ಏಣಿ ತಲೆ ಚಚ್ಚಿಕೊಂಡ.

"ನಿಂಗೆ ಆಗಲ್ಲ ಅಂದ್ರೆ ಹೇಳು, ನಾನು ಬರೀತೀನಿ."

"ಆಗುತ್ತೆ."

"ಯಾವಾಗ? ಪ್ರದರ್ಶನ ಮುಗಿದ್ಮೇಲಾ?"

ನಾನು ನನ್ನ ಚೀಲದಲ್ಲಿ ಕನ್ನಡಕ ಹುಡುಕುವವಳ ಹಾಗೆ ಕೈ ಆಡಿಸುತ್ತಿದ್ದೆ. ಕನ್ನಡಕ ಮೂಗಿನ ಮೇಲೇ ಇತ್ತು.

ಮನೆಗೆ ಬರುವಾಗ ಮೊಮ್ಮಗಳು, "ಅವಳಿಗೆ ಅಷ್ಟೊಂದು ಬರಲ್ಲ ಅಜ್ಜಿ, ಸುಮ್ನೆ ಬರುತ್ತೆ ಅಂತಾಳೆ" ಎಂದಳು. ನಾನು ಹೂಂ ಎಂದೆ. ಹೂಂ ಎನ್ನುವುದಕ್ಕೆ ಅಷ್ಟು ಕಷ್ಟವಾಗಬಾರದಿತ್ತು.

ಫೆಬ್ರವರಿ 13, ಶುಕ್ರವಾರ

ಗುಂಡುಸೂಜಿ ಇವತ್ತು ಹಿಂದೆ ಕೂರದೆ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡಿತು. ಪರದೆ ನೋಡುವುದು ಬಿಟ್ಟು ನನ್ನ ಮುಖವನ್ನೇ ನೋಡುತ್ತಿತ್ತು.

"ಲಿಫ್ಟ್ ಅಲ್ಲಿದೆ, ನನ್ನ ಮುಖದಲ್ಲಿಲ್ಲ" ಎಂದು ಗದರಿದೆ.

"ಗೊತ್ತು ಅಜ್ಜಿ" ಎಂದಿತು. ಎಂದಳು.

ಬಿತ್ತು. ಬೇಗ ಎದ್ದು ಬಂದೆ.

ಫೆಬ್ರವರಿ 17, ಮಂಗಳವಾರ

ಇವತ್ತಿನದನ್ನು ಬರೆಯದೆ ಮಲಗಿದರೆ ನಿದ್ದೆ ಬರುವುದಿಲ್ಲ, ಬರೆದರೂ ಬರುವುದಿಲ್ಲ.

ಆಟ ಶುರುವಾಯಿತು. ನಾಯಿಯವಳು ಬಂದಳು, ಗುಳ್ಳೆ ಎದ್ದಿತು. ನಾನು ಎಂದಿನಂತೆ ಎದ್ದುಬಿದ್ದು ಓದತೊಡಗಿದೆ. "ನಾಯಿಗೆ ಮೂರನೇ ಮಹಡಿ ಅಂದ್ರೆ ಭಯ, ನಾಲ್ಕಕ್ಕೆ ಹೋಗಿ ಮೆಟ್ಟಿಲಿಳೀತೀವಿ." ಓದಿ ಮುಗಿಸಿದೆ. ಗುಳ್ಳೆ ಅಲ್ಲೇ ಇತ್ತು! ಮತ್ತೊಂದು ಸಲ ಓದಿದೆ. ಇನ್ನೂ ಇತ್ತು. ನಾಲ್ಕು ಒತ್ತಿದೆ, ಆಗ ಹೋಯಿತು. ನಾಯಿಯವಳು ಕೈ ಬೀಸಿ ಇಳಿದಳು. ಆಮೇಲೆ ಮೀಸೆಯವನು, ಪೆಟ್ಟಿಗೆ ಹೊತ್ತವನು, ತನ್ನ ಮಹಡಿಯೇ ಮರೆತು ಹೋದ ಮುದುಕ. ಮುದುಕನ ಮಾತು ಓದಿ ಜೋರಾಗಿ ನಕ್ಕುಬಿಟ್ಟೆ. ಈ ಮಾತುಗಳನ್ನೆಲ್ಲ ಬರೆದದ್ದೂ ಗುಂಡುಸೂಜಿಯೇ ಅಂತೆ. ಇಷ್ಟು ತಮಾಷೆ ಇತ್ತು ಈ ಆಟದಲ್ಲಿ, ನನಗೆ ಇಷ್ಟು ದಿನ ಅದರ ಅರ್ಧವೇ ಸಿಕ್ಕಿತ್ತು.

ಎಲ್ಲರನ್ನೂ ಮುಟ್ಟಿಸಿದೆ. ಪರದೆಯಲ್ಲಿ ಬಣ್ಣದ ಕಾಗದದ ಚೂರು ಹಾರಿತು. ಮೊಮ್ಮಗಳು ನನ್ನ ಕುತ್ತಿಗೆಗೆ ಜೋತುಬಿದ್ದಳು. "ಲಿಫ್ಟ್ ಮಾತು ಕೇಳ್ತು!" ಎಂದು ನಾನೇ ಕೂಗಿದೆ. ನಾಚಿಕೆ ಇಲ್ಲದವಳು.

ಏಣಿ, "ಏನ್ ಸರಿ ಮಾಡಿದೆ? ತೋರ್ಸು" ಎಂದು ಗುಂಡುಸೂಜಿಯ ಕಂಪ್ಯೂಟರಿಗೆ ಬಗ್ಗಿದ. ಬಗ್ಗಿದವನು ಸ್ವಲ್ಪ ಹೊತ್ತಿಗೆ ನೆಟ್ಟಗಾದ.

"ಲಿಫ್ಟಿನ ಕೋಡ್ ಮೊದಲು ಇದ್ದ ಹಾಗೇ ಇದೆ. ಹಳೇದನ್ನೇ ವಾಪಸ್ ಹಾಕಿದೀಯ, ಒಂದಕ್ಷರ ಬದಲಾಗಿಲ್ಲ. ಬದಲಾಯಿಸಿದ್ದು ಗುಳ್ಳೆನ. ಮಾತು ಮಾಯ ಆಗದ ಹಾಗೆ ಮಾಡಿದೀಯ!"

ಅವಳು ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಬೇಗ ಓದಿ ಬೇಗ ಒತ್ತೋದೇ ಆಟ. ಮಾತು ಹಾಗೇ ನಿಂತ್ಕೊಂಡ್ರೆ ಆಟ ಎಲ್ಲಿ ಉಳೀತು? ಲಿಫ್ಟಿನ ತಪ್ಪು ಹುಡುಕಕ್ಕಾಗ್ಲಿಲ್ಲ ಅಂತ ಆಟಾನೇ ಸುಲಭ ಮಾಡಿ ಮುಚ್ಚಿಟ್ಟೆ. ಅದೂ ನಮ್ಮನ್ನ ಕೇಳ್ದೆ!"

"ಯಾಕೆ ಬದಲಾಯಿಸಿದೆ, ಹೇಳಮ್ಮ" ಎಂದಳು ಟೀಚರಮ್ಮ.

ಅವಳು ತಲೆ ಎತ್ತಿದಳು. ಟೀಚರಮ್ಮನನ್ನು ನೋಡಲಿಲ್ಲ, ಏಣಿಯನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. "ಸುಮ್ನೆ" ಎಂದಳು.

ಅವಳಿಗೆ ಗೊತ್ತಿತ್ತು. ಶುಕ್ರವಾರವೇ ಗೊತ್ತಾಗಿತ್ತು. ನಾನು ಓದುವಾಗ ತುಟಿ ಅಲ್ಲಾಡುತ್ತದೆ. ಗುಳ್ಳೆ ಹೋದ ಮೇಲೂ ಅಲ್ಲಾಡುತ್ತಿರುತ್ತದೆ. ಪಕ್ಕದಲ್ಲಿ ಕೂತು ಅವಳು ನೋಡಿದ್ದು ಅದನ್ನೇ.

ಏಣಿ ಅವಳನ್ನು ತಂಡದಿಂದ ತೆಗೆಯಬೇಕೆಂದ. ಹಾಗೆ ತೆಗೆಯಬೇಕಾದರೆ ಮಿಕ್ಕ ಇಬ್ಬರೂ ಕೈ ಎತ್ತಬೇಕು, ಒಬ್ಬರು ಎತ್ತದಿದ್ದರೂ ತೆಗೆಯುವಂತಿಲ್ಲ, ತಂಡದ ತೀರ್ಮಾನದಲ್ಲಿ ತಾನು ಬಾಯಿ ಹಾಕುವುದಿಲ್ಲ ಎಂದಳು ಟೀಚರಮ್ಮ. ಏಣಿ ಕೈ ಎತ್ತಿದ. ನನ್ನ ಮೊಮ್ಮಗಳು ಅತ್ತ ಇತ್ತ ನೋಡಿ, ಅರ್ಧ ಎತ್ತಿ, ಆಮೇಲೆ ಪೂರ್ತಿ ಎತ್ತಿದಳು.

ಪ್ರದರ್ಶನದಲ್ಲಿ ಆಟದ ಕೆಳಗೆ ಗುಂಡುಸೂಜಿಯ ಹೆಸರು ಇರುವುದಿಲ್ಲ. ಗುಳ್ಳೆ ಮತ್ತೆ ಓಡಿಹೋಗುತ್ತದೆ.

ನಾನು ಅಲ್ಲೇ ಕುರ್ಚಿಯಲ್ಲಿದ್ದೆ. ಊರಿಗೆಲ್ಲ ಕತ್ತರಿ ಅಜ್ಜಿ ಎಂದು ಹೆಸರಾದ ಬಾಯಿ ನನ್ನದು. ಅದು ಅಂಟು ಹಾಕಿದ ಹಾಗೆ ಮುಚ್ಚಿಕೊಂಡಿತ್ತು. ಆ ಹುಡುಗಿ ಹೊರಡುವಾಗ ಬಾಗಿಲ ಹತ್ತಿರ ನಿಂತು, "ಚೆನ್ನಾಗಿ ಆಡಿದ್ರಿ ಅಜ್ಜಿ" ಎಂದಳು. ಕುಹಕ ಇರಲಿಲ್ಲ ಅದರಲ್ಲಿ. ಇದ್ದಿದ್ದರೆ ವಾಸಿಯಿತ್ತು.

ಫೆಬ್ರವರಿ 18, ಬುಧವಾರ

ಅಂಗಡಿ ತೆಗೆದೆ. ಮುಚ್ಚಿದೆ.

ಫೆಬ್ರವರಿ 19, ಗುರುವಾರ

ಮಧ್ಯಾಹ್ನ ಬ್ಯಾಂಕಿನ ಗುಮಾಸ್ತ ಪ್ಯಾಂಟು ಹಿಡಿದುಕೊಂಡು ಬಂದ. "ಸೊಂಟ ಬಿಗಿ ಮಾಡಿದೀರ ಅಮ್ಮ, ಕೂತ್ರೆ ಉಸಿರು ಸಿಕ್ಕಿಹಾಕಿಕೊಳ್ಳುತ್ತೆ. ಅಳತೆ ತಪ್ಪಿದೆ."

ನನ್ನ ಪಿತ್ತ ನೆತ್ತಿಗೇರಿತು. ಟೇಪು ಹಿಡಿದು, "ನಿಂತ್ಕೋ ಇಲ್ಲಿ" ಎಂದೆ. ನಿಂತ. ಟೇಪು ಸುತ್ತುವ ಹೊತ್ತಿಗೆ ಸರಿಯಾಗಿ ಹೊಟ್ಟೆಯನ್ನು ಒಳಗೆಳೆದುಕೊಂಡ. ಅವನಿಗೆ ಗೊತ್ತೂ ಆಗಲಿಲ್ಲ.

"ನೋಡು, ನೋಡು, ಈಗ ಮಾಡಿದ್ಯಲ್ಲ ಅದು! ಹೊಟ್ಟೆ ಬಿಡಯ್ಯಾ ಆಚೆ. ನಾನೇನು ವರ ನೋಡಕ್ಕೆ ಬಂದಿದೀನಾ? ಒಳಗೆಳ್ಕೊಂಡು ಅಳತೆ ಕೊಡ್ತೀಯ, ಹೊಲಿದಿದ್ದು ಸರಿಹೋಗ್ಲಿಲ್ಲ ಅಂದ್ರೆ ಹೊಲಿದವಳ ಮೇಲೆ ಹೊರಿಸ್ತೀಯ. ನಾಚಿಕೆ ಆಗಲ್ವಾ ನಿಂಗೆ? ನಿನ್ನ ಮರ್ಯಾದೆ ಉಳೀಲಿ ಅಂತ ನನ್ನ ಕೆಲಸಕ್ಕೆ ಹೆಸರು ಕೆಡಿಸ್ತೀಯ, ನೀನು..."

ಅಲ್ಲಿಗೆ ಮಾತು ನಿಂತುಹೋಯಿತು. ಟೇಪು ಅವನ ಸೊಂಟದ ಮೇಲೇ ಇತ್ತು.

"ಯಾಕಮ್ಮ, ಏನಾಯ್ತು? ಕೂತ್ಕೊಳ್ಳಿ" ಎಂದ ಅವನು. ಇಷ್ಟು ಬೈಸಿಕೊಂಡೂ ನೀರು ತಂದುಕೊಟ್ಟ. ಪ್ಯಾಂಟು ಬಿಟ್ಟು ಹೋಗು, ಸಡಿಲ ಮಾಡಿಕೊಡುತ್ತೇನೆ ಎಂದೆ. ಬಾಗಿಲ ತನಕ ಹೊಟ್ಟೆ ಒಳಗೆಳೆದುಕೊಂಡೇ ಹೋದ.

ಫೆಬ್ರವರಿ 20, ಶುಕ್ರವಾರ

ಹೇಳಿದೆ.

ಹೋಗುವಾಗ ಟೀಚರಮ್ಮನಿಗೆ ಒಬ್ಬಳಿಗೇ ಹೇಳೋಣ ಎಂದುಕೊಂಡಿದ್ದೆ. ಲ್ಯಾಬಿನ ಬಾಗಿಲಲ್ಲಿ ನಿಂತು ನೋಡಿದರೆ, ಗುಂಡುಸೂಜಿ ಕೊನೆಯ ಸಾಲಿನಲ್ಲಿ ಒಬ್ಬಳೇ ಕೂತು ಯಾರದೋ ಬೇರೆ ತಂಡದ ತಂತಿ ಸುತ್ತಿಡುತ್ತಿದ್ದಳು. ಒಬ್ಬಳಿಗೇ ಹೇಳುವುದು ಅಂದರೆ ಮತ್ತೆ ಹೊಟ್ಟೆ ಒಳಗೆಳೆದುಕೊಂಡ ಹಾಗೇ. ಇಡೀ ಕ್ಲಾಸಿನ ಮುಂದೆ ನಿಂತೆ.

"ಎಲ್ಲರೂ ಕೇಳಿ. ಲಿಫ್ಟು ಮೊದಲಿನಿಂದ ಸರಿಯಾಗೇ ಇತ್ತು. ನಾನು ಒತ್ತಿದ್ದೇ ತಪ್ಪು. ಎರಡು ಒತ್ತಿದೆ ಅಂದಿದ್ದು ಸುಳ್ಳು. ನಂಗೆ ಬೇಗ ಓದಕ್ಕೆ ಬರಲ್ಲ. ಅಕ್ಷರ ಕೂಡಿಸಿ ಕೂಡಿಸಿ ಓದ್ತೀನಿ. ಮಾತು ಅರ್ಧ ಓದೋ ಹೊತ್ತಿಗೆ ಮಾಯ ಆಗ್ತಿತ್ತು. ಈ ಹುಡುಗಿ ಅದನ್ನ ಕಂಡುಹಿಡಿದು, ನನ್ನ ಮಾನ ಹೋಗಬಾರದು ಅಂತ ಬಾಯಿ ಬಿಡ್ಲಿಲ್ಲ."

ಹಿಂದಿನ ಬೆಂಚಿನಲ್ಲೊಬ್ಬ, "ಹಂಗಾದ್ರೆ ದಿನಾ ಪೇಪರ್?" ಎಂದ. ಎಲ್ಲರೂ ನಕ್ಕರು.

"ಬಿಡಿಸ್ಕೊಂಡು ಕೂರ್ತೀನಿ. ತಲೆಬರಹ ಓದ್ತೀನಿ. ಒಂದು ಸುದ್ದಿ ಪೂರ್ತಿ ಓದೋ ಹೊತ್ತಿಗೆ ಅದು ಹಳೇದಾಗಿರುತ್ತೆ" ಎಂದೆ. ಮತ್ತೂ ನಕ್ಕರು. ಮೈಯೆಲ್ಲ ಬಿಸಿಯಾಯಿತು. ಕಿವಿ ಹತ್ತಿಕೊಂಡು ಉರಿದ ಹಾಗೆ. ಮೊಮ್ಮಗಳ ಕಡೆ ನೋಡುವ ಧೈರ್ಯವಾಗಲಿಲ್ಲ.

ಏಣಿ ಕುತ್ತಿಗೆ ತುರಿಸಿಕೊಂಡ. "ಅಂದ್ರೆ ಅಜ್ಜಿ, ಇಲ್ಲದ ತಪ್ಪನ್ನ ನಾವು ಇಷ್ಟು ದಿನ ಹುಡುಕಿದ್ವಾ?"

"ಇತ್ತಲ್ಲಪ್ಪ ತಪ್ಪು. ನೀವು ಕಂಪ್ಯೂಟರಲ್ಲಿ ಹುಡುಕಿದ್ರಿ, ಅದು ಕುರ್ಚಿ ಮೇಲೆ ಕೂತಿತ್ತು."

ಟೀಚರಮ್ಮ ಹಲಗೆಯನ್ನು ತೋರಿಸಿ, "ಕುರ್ಚಿಯಲ್ಲೂ ಅಲ್ಲ. ಓದಕ್ಕೆ ಬಿಡದ ಆಟದಲ್ಲಿತ್ತು" ಎಂದಳು. ಅವಳು ಒಳ್ಳೆಯವಳೇ. ಆದರೆ ಏಣಿ ಬಗ್ಗಲಿಲ್ಲ. "ಅದೆಲ್ಲಾ ಸರಿ ಮಿಸ್. ಆದ್ರೂ ಅವಳು ಕೇಳ್ದೆ ಬದಲಾಯಿಸಿದ್ದು ಬದಲಾಯಿಸಿದ್ದೇ. ನಾನು ಕೈ ಇಳಿಸಲ್ಲ" ಎಂದ. ಅದೂ ಸುಳ್ಳಲ್ಲ, ಏನು ಹೇಳಲಿ.

"ಇನ್ನೊಬ್ಬರು ಇಳಿಸಿದ್ರೂ ಸಾಕು" ಎಂದಳು ಟೀಚರಮ್ಮ. ಎಲ್ಲರೂ ನನ್ನ ಮೊಮ್ಮಗಳ ಕಡೆ ತಿರುಗಿದರು. ಅವಳು ಚೀಲ ಎತ್ತಿಕೊಂಡು, ಕುರ್ಚಿಯನ್ನು ಹಿಂದಕ್ಕೆ ಒದ್ದು, ಆಚೆ ಹೋಗಿಬಿಟ್ಟಳು.

"ಮಂಗಳವಾರ ಹೆಸರುಗಳು ಅಚ್ಚಿಗೆ ಹೋಗುತ್ತೆ ಅಜ್ಜಿ. ಆಮೇಲೆ ನನ್ನ ಕೈಲೂ ಏನೂ ಇಲ್ಲ" ಎಂದಳು ಟೀಚರಮ್ಮ.

ಮೆಟ್ಟಿಲ ಹತ್ತಿರ ಆ ಮಗು ಸಿಕ್ಕಿತು. ಕೈಯಲ್ಲಿ ಇನ್ನೂ ತಂತಿಯ ಸುರುಳಿ.

"ಅವತ್ತೇ ಯಾಕೆ ಹೇಳ್ಲಿಲ್ಲ ನೀನು? ಈ ಮುದುಕಿಗೆ ಓದಕ್ಕೆ ಬರಲ್ಲ ಅಂತ ಒಂದು ಮಾತು ಸಾಕಿತ್ತಲ್ಲ" ಎಂದೆ. ಗದರಿದ ಹಾಗೇ ಬಂತು. ನನಗೆ ಬೇರೆ ಥರ ಬರುವುದಿಲ್ಲ.

"ನೀವು ಹೇಳ್ತೀರ ಅಂತ ಕಾಯ್ತಿದ್ದೆ ಅಜ್ಜಿ."

"ಹೇಳದೇ ಇದ್ದಿದ್ರೆ?"

ಅವಳು ತಂತಿಯ ತುದಿಯನ್ನು ಸುರುಳಿಯೊಳಗೆ ಸಿಕ್ಕಿಸಿದಳು. "ಕೆಲವರಿಗೆ ಸ್ವಲ್ಪ ಜಾಸ್ತಿ ಹೊತ್ತು ಬೇಕಾಗುತ್ತೆ" ಎಂದಳು. ಅಷ್ಟೇ.

ಫೆಬ್ರವರಿ 21, ಶನಿವಾರ

ಮೊಮ್ಮಗಳು ನಿನ್ನೆಯಿಂದ ಮಾತಾಡಿರಲಿಲ್ಲ. ಇವತ್ತು ಬಾಗಿಲು ಬಡಿದು ಒಳಗೆ ಹೋದೆ. ಮೇಜಿನ ಮುಂದೆ ಬೆನ್ನು ತಿರುಗಿಸಿ ಕೂತಿದ್ದಳು.

"ಎಲ್ಲರೂ ನನ್ನನ್ನ ಪೇಪರ್ ಅಜ್ಜಿ ಮೊಮ್ಮಗಳು ಅಂತಿದಾರೆ" ಎಂದಳು. "ಎಲ್ಲರ ಮುಂದೆ ಯಾಕ್ ಹೇಳಿದೆ ನೀನು?"

"ಎಲ್ಲರ ಮುಂದೆ ಸುಳ್ಳು ಹೇಳಿದ್ನಲ್ಲ, ಅದಕ್ಕೆ."

"ನಂಗೊಬ್ಬಳಿಗೆ ಹೇಳಿದ್ರೆ ಆಗ್ತಿರ್ಲಿಲ್ವಾ? ನಾನು ನಿನ್ನ ನಂಬಿದ್ದೆ ಅಜ್ಜಿ. ಅವಳಿಗೇ ಬರಲ್ಲ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದೆ."

ಇವಳಿಗೆ ಈ ಅವಮಾನ ಆಗಿರುವುದು ನನ್ನಿಂದಲೇ.

"ಹೋಗಲಿ, ಕೈ ಇಳಿಸು. ಅವಳ ಹೆಸರು ಬರಲಿ" ಎಂದೆ.

"ಇಳಿಸಿದ್ರೆ ಯಾಕೆ ಇಳಿಸಿದೆ ಅಂತ ಪ್ರದರ್ಶನದ ದಿನ ಎಲ್ಲರೂ ಕೇಳ್ತಾರೆ. ಅಪ್ಪ ಅಮ್ಮನೂ ಇರ್ತಾರೆ. ಮತ್ತೆ ಎಲ್ಲಾ ಹೇಳ್ಬೇಕು. ನಂಗಾಗಲ್ಲ."

ಬೈಯಲು ಬಾಯಿ ತೆರೆದೆ. ಅವಳು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಿದ್ದಳು, ಕಿವಿ ಕೆಂಪಗಾಗಿತ್ತು. ನನ್ನ ಕಿವಿಯದೇ ಬಣ್ಣ. ಅವಳೇನು ಕೆಟ್ಟವಳಲ್ಲ. ನಾನು ಎರಡು ಒತ್ತಿದೆ ಅಂದ ಹಾಗೆಯೇ ಇವಳು ಕೈ ಎತ್ತಿದ್ದಾಳೆ. ಈಗ ಇಳಿಸುವುದು ಹೇಗೆಂದು ತಿಳಿಯುತ್ತಿಲ್ಲ.

ಬಾಯಿ ಬಿಟ್ಟರೆ ಗದರುತ್ತೇನೆ, ಅದಕ್ಕೇ ಬರೆಯುವುದೇ ವಾಸಿ. ಮೊದಲು ಇಲ್ಲಿ ಬರೆದು, ತಿದ್ದಿ, ಆಮೇಲೆ ಒಳ್ಳೆಯ ಹಾಳೆಗೆ ಇಳಿಸಿ ಅವಳ ಮೇಜಿನ ಮೇಲೆ ಇಡುತ್ತೇನೆ.

ಮಗಳೇ,

ನೀನು ಮಾತಾಡುವುದಿಲ್ಲ, ಸರಿ. ಓದು.

ಅವಳಿಗೆ ಬರುವುದಿಲ್ಲ ಎಂದು ನೀನು ಹೇಳಿದ್ದು ನನ್ನ ಮಾತು ನಂಬಿ. ಆ ತಪ್ಪು ನನ್ನದು, ನಿನ್ನದಲ್ಲ. ನಾಳೆ ಯಾರು ಕೇಳಿದರೂ ನನ್ನ ಕಡೆ ಕೈ ತೋರಿಸು. ಪ್ರದರ್ಶನದ ದಿನ ನಾನು ಆ ಆಟದ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ನಿಮ್ಮಪ್ಪನಿಗೂ ನಾನೇ ಹೇಳುತ್ತೇನೆ. ನನ್ನ ಓದಿನ ವಿಷಯ ಅವನಿಗೂ ಗೊತ್ತಿಲ್ಲ. ನಗುವವರು ನನ್ನನ್ನು ನೋಡಿ ನಗಲಿ.

ಆದರೆ ನಾನು ಹೇಳಿದ ಮೇಲೂ, ಎಲ್ಲ ಗೊತ್ತಾದ ಮೇಲೂ ಎತ್ತಿಕೊಂಡೇ ಇರುವ ಕೈ ನಿನ್ನದು. ಅದನ್ನು ನಾನು ಇಳಿಸಲಾರೆ. ನಾಚಿಕೆಗೆ ಹೆದರಿ ಮಾಡಿದ್ದನ್ನು ನಾಚಿಕೆಗೆ ಹೆದರಿಯೇ ಹಾಗೇ ಬಿಟ್ಟರೆ ಅದು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು ನಾನು ನೋಡಿದ್ದೇನೆ. ಆ ಹುಡುಗಿ ಕೊನೆಯ ಸಾಲಿನಲ್ಲಿ ಒಬ್ಬಳೇ ತಂತಿ ಸುತ್ತುತ್ತಾ ಕೂತಿರುತ್ತಾಳೆ.

ಮಂಗಳವಾರ ಹೆಸರುಗಳು ಅಚ್ಚಿಗೆ ಹೋಗುತ್ತವೆ. ನೀನು ಕೈ ಇಳಿಸುತ್ತೀಯೋ ಇಲ್ಲವೋ? ಹೌದು ಅಥವಾ ಇಲ್ಲ. ನೋಡೋಣ, ಆಮೇಲೆ ಎಂದೆಲ್ಲ ಬೇಡ. ಬರೆದು ಕೊಡು, ಎಷ್ಟು ಉದ್ದವಾದರೂ ಸರಿ. ನಿಧಾನವಾಗಿ ಓದುತ್ತೇನೆ, ಆದರೆ ಪೂರ್ತಿ ಓದುತ್ತೇನೆ. ಇಪ್ಪತ್ತಮೂರನೇ ತಾರೀಕು, ಸೋಮವಾರ ಸಂಜೆಯೊಳಗೆ ನನಗೆ ಉತ್ತರ ಬೇಕು.